ಹೊಳೆ, ಮರ, ಆನೆ: ಮೂರನ್ನೂ ಒಂದೇ ಚಿತ್ರದಲ್ಲಿ ಕೂರಿಸುವ ಲೆಕ್ಕ

ಕಬಿನಿ ಹಿನ್ನೀರಿನ ಹುಲಿ ಚಿತ್ರಗಳು ಈಗ ಎಲ್ಲರ ಮೊಬೈಲ್‌ಗಳಲ್ಲೂ ಹರಿದಾಡುತ್ತವೆ. ಬಹುಪಾಲು ಚಿತ್ರಗಳಲ್ಲಿ ಚೌಕಟ್ಟಿನ ತುಂಬ ಹುಲಿಯ ಮುಖ. ಕುಳಿತರೆ ಮೀಸೆಯ ಕೂದಲು ಎಣಿಸಬಹುದು. ಆದರೆ ಅದನ್ನೇ ಮೈಸೂರಿನ ಮೃಗಾಲಯದಲ್ಲಿ ತೆಗೆದದ್ದು ಎಂದು ಯಾರಾದರೂ ಹೇಳಿದರೆ ಇಲ್ಲವೆನ್ನಲು ಚಿತ್ರದೊಳಗೆ ಸಾಕ್ಷಿ ಸಿಗುವುದಿಲ್ಲ. ಹಿಂದೆ ಇದ್ದದ್ದು ನೀರೋ ಬಿದಿರೋ, ಕಾಲ ಬೇಸಿಗೆಯೋ ಮಳೆಗಾಲವೋ, ಒಂದೂ ತಿಳಿಯದು. ಪ್ರಾಣಿ ಬದುಕುವ ಜಾಗವೆಲ್ಲ ಕರಗಿ ಹಸಿರು ಮಸುಕಾಗಿರುತ್ತದೆ.

ಇದು ಸಾಲದು ಎನಿಸಿ, ಹೊಳೆಯೂ ದಡದ ಮರವೂ ನೀರಿಗಿಳಿದ ಪ್ರಾಣಿಯೂ ಇರುವ ಚಿತ್ರ ತೆಗೆಯಲು ಹೊರಟವರು ಬೇಗನೆ ತೊಡಕಿಗೆ ಸಿಲುಕುತ್ತಾರೆ. ತೊಡಕು ಕಲ್ಪನೆಯದ್ದಲ್ಲ, ಬೆಳಕಿನದ್ದು. ಹರಿಯುವ ನೀರಿನ ಹರಿವು ಕಾಣಬೇಕಾದರೆ ಶಟರ್, ಅಂದರೆ ಬೆಳಕನ್ನು ಒಳಬಿಡುವ ಬಾಗಿಲು, ನಿಧಾನವಾಗಿರಬೇಕು. ಪ್ರಾಣಿಗೆ ಶಟರ್ ಚುರುಕಾಗಿರಬೇಕು. ಮರಕ್ಕೆ ಮೋಡದ ಮೆದು ಬೆಳಕು ಬೇಕು, ಬೇರಿನಿಂದ ತುದಿಯವರೆಗೆ ಸ್ಪಷ್ಟತೆಯೂ ಬೇಕು. ಮೂವರ ಬೇಡಿಕೆಯನ್ನೂ ಒಟ್ಟಿಗೆ ಈಡೇರಿಸುವ ಕ್ಯಾಮೆರಾವನ್ನು ಯಾವ ಕಂಪನಿಯೂ ತಯಾರಿಸಿಲ್ಲ. ಆದ್ದರಿಂದ ಪ್ರತಿಯೊಂದು ಚಿತ್ರದಲ್ಲೂ ಒಬ್ಬರನ್ನು ಯಜಮಾನರನ್ನಾಗಿ ಮಾಡಿ, ಉಳಿದಿಬ್ಬರನ್ನು ಒಪ್ಪಿಸಬೇಕಾಗುತ್ತದೆ. ಆ ಒಪ್ಪಂದದ ಹಿಂದಿನ ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಹೊರಡುವ ಮೊದಲೇ ಮುಗಿಯುತ್ತದೆ.

ಬೆಳಕಿನ ಕೂಡುವಿಕೆ, ಕಳೆಯುವಿಕೆ

ಛಾಯಾಗ್ರಾಹಕರು ಬೆಳಕನ್ನು ‘ಸ್ಟಾಪ್’ಗಳಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಹೆಚ್ಚಿತೆಂದರೆ ಬೆಳಕು ಇಮ್ಮಡಿಯಾಯಿತು. ಒಂದು ಸ್ಟಾಪ್ ಇಳಿಯಿತೆಂದರೆ ಅರ್ಧವಾಯಿತು. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಅಪರ್ಚರ್ ಎಂಬ ಕಿಂಡಿ ಎಷ್ಟು ಅಗಲವಾಗಿರಬೇಕು, ಒಳಗೆ ಬಂದ ಬೆಳಕನ್ನು ಐಎಸ್‌ಒ ಎಷ್ಟು ಹಿಗ್ಗಿಸಬೇಕು ಎಂಬ ಮೂರೇ ಹಿಡಿಕೆಗಳು ನಮ್ಮ ಕೈಯಲ್ಲಿರುವುದು. ಒಂದರಲ್ಲಿ ಒಂದು ಸ್ಟಾಪ್ ಕಳೆದರೆ ಇನ್ನೊಂದರಲ್ಲಿ ಕೂಡಿಸಲೇಬೇಕು. ಸಾಲ ಕೊಡುವವರು ಇಲ್ಲಿ ಯಾರೂ ಇಲ್ಲ.

ಫಿಲ್ಮ್ ಕಾಲದ ಹಳೆಯ ಸೂತ್ರವೊಂದಿದೆ. ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 16 ಇಟ್ಟರೆ ಶಟರ್ ಸೆಕೆಂಡಿನ 1/100 ಆಗುತ್ತದೆ. ಎಫ್ ಸಂಖ್ಯೆ ಇಳಿದಷ್ಟೂ ಕಿಂಡಿ ಅಗಲ. ಕಿಂಡಿಯನ್ನು ಎರಡು ಸ್ಟಾಪ್ ಅಗಲಿಸಿ ಎಫ್ 8ಕ್ಕೆ ತಂದರೆ ಶಟರ್ 1/400ಕ್ಕೆ ಏರಬೇಕು. ಬಯಲಿನಲ್ಲಿ ಹುಲ್ಲು ಕೀಳುತ್ತ ನಿಂತ ಆನೆಗೆ ಇದು ಧಾರಾಳ. ಈಗ ಅದೇ ಕ್ಯಾಮೆರಾ ಹಿಡಿದು ಆಗುಂಬೆ ಕಡೆಯ ಕಾಡಿನೊಳಗಿನ ಹಳ್ಳಕ್ಕೆ ಇಳಿಯೋಣ. ನಿತ್ಯಹರಿದ್ವರ್ಣ ಕಾಡಿನಲ್ಲಿ ಮರಗಳ ನೆತ್ತಿಯ ಮೇಲೆ ಬೀಳುವ ಬೆಳಕಿನ ಶೇ. 1ರಿಂದ 2ರಷ್ಟು ಮಾತ್ರ ನೆಲ ಮುಟ್ಟುತ್ತದೆ. ಸ್ಟಾಪ್ ಲೆಕ್ಕದಲ್ಲಿ ಆರು ಹೋಯಿತು. ಆರು ಸಲ ಅರ್ಧ ಮಾಡಿದರೆ 64ರಲ್ಲಿ ಒಂದು ಪಾಲು. 1/400 ಇದ್ದ ಶಟರ್ ಈಗ 1/6.

ಹಳ್ಳಕ್ಕೆ ಇದು ಹಬ್ಬ. ಬಂಡೆಗಳ ನಡುವೆ ಹರಿಯುವ ನೀರು 1/6 ಸೆಕೆಂಡಿನಲ್ಲಿ ಎಳೆಎಳೆಯಾಗಿ ಕಾಣುತ್ತದೆ, ಹರಿವಿನ ದಿಕ್ಕೂ ಉಳಿಯುತ್ತದೆ. ಆದರೆ ಅದೇ ಬಂಡೆಯ ಮೇಲೆ ಬಾಲ ಕುಣಿಸುವ ಕುಂಡೆಕುಸ್ಕನಿಗೆ ಆ ಶಟರ್ ಸಾಲದು. ಹಕ್ಕಿ ಹಕ್ಕಿಯಂತೆ ಕಾಣಲು ಮತ್ತೆ 1/400 ಬೇಕೆಂದರೆ ಐಎಸ್‌ಒವನ್ನು 100ರಿಂದ 6400ಕ್ಕೆ ಏರಿಸಬೇಕು. ಚಿತ್ರದಲ್ಲಿ ಕಾಳು ಮೂಡುತ್ತದೆ, ನೀರು ಹೆಪ್ಪುಗಟ್ಟಿದಂತಾಗುತ್ತದೆ. ಯಾರು ಯಜಮಾನರು ಎಂಬ ಪ್ರಶ್ನೆ ಹೀಗೆ ಮೊದಲ ಹಳ್ಳದಲ್ಲೇ ಎದುರಾಗುತ್ತದೆ.

ನೀರು ಯಾವಾಗ ಕನ್ನಡಿ, ಯಾವಾಗ ಗಾಜು

ನೀರಿನ ಚಿತ್ರ ಎಂದರೆ ಶಟರ್ ವೇಗದ ಮಾತೇ ಎಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದದ್ದು ನೀರನ್ನು ಯಾವ ಕೋನದಿಂದ ನೋಡುತ್ತೇವೆ ಎಂಬುದು. ನೇರ ಕೆಳಕ್ಕೆ ನೋಡಿದರೆ ನೀರಿನ ಮೈ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 2ನ್ನು ಮಾತ್ರ ಹಿಂದಕ್ಕೆ ಎಸೆಯುತ್ತದೆ. ಉಳಿದದ್ದು ಒಳಗಿಳಿಯುತ್ತದೆ, ಆದ್ದರಿಂದಲೇ ಶ್ರೀರಂಗಪಟ್ಟಣದ ಸೇತುವೆಯ ಮೇಲಿಂದ ಬಗ್ಗಿದರೆ ಬೇಸಿಗೆಯ ಕಾವೇರಿಯ ತಳದ ಕಲ್ಲು, ಪಾಚಿ, ಮೀನು ಕಾಣುತ್ತವೆ. ನೋಟ ಓರೆಯಾದಂತೆ ಲೆಕ್ಕ ಬದಲಾಗುತ್ತದೆ. ನೀರಿನ ಮೈಗೆ ಹತ್ತು ಡಿಗ್ರಿಯಷ್ಟೇ ಮೇಲಿನಿಂದ ನೋಡಿದರೆ ಬೆಳಕಿನ ಮೂರನೇ ಒಂದು ಪಾಲು ಪ್ರತಿಫಲಿಸುತ್ತದೆ, ಐದು ಡಿಗ್ರಿಗೆ ಅರ್ಧಕ್ಕಿಂತ ಹೆಚ್ಚು. ಅಲ್ಲಿಂದ ಮುಂದೆ ಹೊಳೆ ಪೂರ್ತಿ ಆಕಾಶವನ್ನೇ ಹೊದ್ದುಕೊಳ್ಳುತ್ತದೆ.

ಇದರ ಉಪಯೋಗವೇನು? ದೂರದ ನೀರು ಹೇಗೂ ಓರೆಯಾಗಿಯೇ ಕಾಣುವುದರಿಂದ ಅದು ಎಲ್ಲಿಂದ ನೋಡಿದರೂ ಕನ್ನಡಿಯೇ. ಹತ್ತಿರದ ನೀರು ಮಾತ್ರ ನಮ್ಮ ಎತ್ತರವನ್ನು ಅವಲಂಬಿಸಿರುತ್ತದೆ. ಕ್ಯಾಮೆರಾವನ್ನು ಇಳಿಸಿದಷ್ಟೂ ಕನ್ನಡಿ ನಮ್ಮ ಕಾಲಿನ ಕಡೆಗೆ ಹರಿದು ಬರುತ್ತದೆ. ರಂಗನತಿಟ್ಟಿನಲ್ಲಿ ದೋಣಿಯ ಹಲಗೆಯ ಮೇಲೆ ಕುಳಿತು ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದವರಿಗೂ, ತೋಳು ಚಾಚಿ ದೋಣಿಯ ಅಂಚಿಗೆ ತಂದು ಪರದೆ ನೋಡುತ್ತ ಒತ್ತಿದವರಿಗೂ ಸಿಗುವ ಚಿತ್ರಗಳು ಬೇರೆ ಬೇರೆ. ಎರಡನೆಯದರಲ್ಲಿ ತಿಟ್ಟಿನ ಬಿದಿರು, ಹೊಳೆಮತ್ತಿ, ಅದರ ಮೇಲಿನ ಬಣ್ಣದ ಕೊಕ್ಕರೆ ಎಲ್ಲವೂ ತಲೆಕೆಳಗಾಗಿ ಮುಂದಿನ ನೀರಿನವರೆಗೂ ಇಳಿದಿರುತ್ತವೆ. ಒಂದು ಎಚ್ಚರಿಕೆ: ಕ್ಯಾಮೆರಾದ ಪಟ್ಟಿ ಕುತ್ತಿಗೆಯಲ್ಲಿರಲಿ, ಕೈ ದೋಣಿಯ ಒಳಗೇ ಇರಲಿ. ಆ ಬಂಡೆಗಳ ಮೇಲೆ ಮೊಸಳೆಗಳು ಮಲಗಿರುವುದು ಅಲಂಕಾರಕ್ಕಲ್ಲ.

ಪ್ರತಿಬಿಂಬ ಮೂಲಕ್ಕಿಂತ ಯಾವಾಗಲೂ ತುಸು ಕಪ್ಪಾಗಿರುತ್ತದೆ, ಏಕೆಂದರೆ ಸ್ವಲ್ಪ ಬೆಳಕನ್ನು ನೀರು ನುಂಗಿರುತ್ತದೆ. ಆಮೇಲೆ ಚಿತ್ರ ತಿದ್ದುವ ಹೊತ್ತಿಗೆ ಹುಮ್ಮಸ್ಸಿನಲ್ಲಿ ಪ್ರತಿಬಿಂಬವನ್ನು ಮರಕ್ಕಿಂತ ಹೊಳಪು ಮಾಡಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸುಳ್ಳೆನಿಸುತ್ತದೆ. ಗಾಳಿ ಎದ್ದ ಮೇಲೆ ಈ ಮಾತೆಲ್ಲ ವ್ಯರ್ಥ. ಕನ್ನಡಿ ಒಡೆದು ಸಾವಿರ ಚೂರಾಗುತ್ತದೆ.

ಪೋಲರೈಸರ್ ಫಿಲ್ಟರಿನ ಗುಟ್ಟೂ ಇದೇ ಕೋನದಲ್ಲಿದೆ. ನೀರಿನ ಮೈಗೆ ಸುಮಾರು 37 ಡಿಗ್ರಿ ಮೇಲಿನಿಂದ ನೋಡಿದಾಗ ಪ್ರತಿಫಲಿಸುವ ಬೆಳಕಿನ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಫಿಲ್ಟರನ್ನು ತಿರುಗಿಸಿ ಆ ದಿಕ್ಕನ್ನು ತಡೆದರೆ ಹೊಳಪು ಅಳಿಸಿಹೋಗಿ ತಳ ಕಾಣುತ್ತದೆ. ಕಾಡಿನ ಹಳ್ಳದಲ್ಲಿ ಇದರಿಂದ ಇನ್ನೂ ದೊಡ್ಡ ಲಾಭವಿದೆ: ಒದ್ದೆ ಎಲೆ, ಒದ್ದೆ ಬಂಡೆಗಳ ಬಿಳಿ ಮಿಂಚು ಹೋಗಿ ಹಸಿರು ತನ್ನ ನಿಜವಾದ ಆಳಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಮಾಡಿಕೊಳ್ಳಲಾಗದ ಕೆಲಸ ಇದು, ಆದ್ದರಿಂದ ಒಂದೇ ಫಿಲ್ಟರ್ ಕೊಳ್ಳುವಷ್ಟು ಹಣವಿದ್ದರೆ ಇದನ್ನೇ ಕೊಳ್ಳಬೇಕು. ಬೆಲೆ ಅಂಗಡಿಯಲ್ಲಿ ಕೊಡುವುದಷ್ಟೇ ಅಲ್ಲ. ಪ್ರತಿ ಚಿತ್ರಕ್ಕೂ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ಅದು ತಿನ್ನುತ್ತದೆ. ಪ್ರಾಣಿ ಬಂದ ಕೂಡಲೇ ಬಿಚ್ಚಿಡಬೇಕು. ಪ್ರತಿಬಿಂಬವೇ ಬೇಕಾದಾಗಲೂ ಹಾಗೆಯೇ.

ಹಾಲಿನಂತೆ ನಯವಾದ ಜಲಪಾತದ ಚಿತ್ರಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಹಾಕಿ, ಹತ್ತು ಸ್ಟಾಪ್ ಅಂದರೆ ಸಾವಿರ ಪಟ್ಟು ಬೆಳಕನ್ನು ತಡೆದು, ಅರ್ಧ ನಿಮಿಷ ಶಟರ್ ತೆರೆದಿಟ್ಟರೆ ಯಾವ ಜಲಪಾತವೂ ಬಿಳಿ ಬಟ್ಟೆಯಾಗುತ್ತದೆ. ಮಳೆಗಾಲದ ಜೋಗ 253 ಮೀಟರ್ ಎತ್ತರದಿಂದ ಕೆಂಪು ನೀರನ್ನು ಸುರಿಯುವಾಗ ಅದಕ್ಕೆ 1/500 ಸೆಕೆಂಡ್ ಕೊಟ್ಟು ನೋಡಿ. ನೀರಿನ ಗಡ್ಡೆಗಳು ಬಿಡಿಬಿಡಿಯಾಗಿ ಬೀಳುವುದು ಕಾಣುತ್ತದೆ, ಭಾರ ಗೊತ್ತಾಗುತ್ತದೆ. ಸಣ್ಣ ಹಳ್ಳಕ್ಕೆ 1/8ರಿಂದ 1/2 ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚಾದರೆ ನೀರಿನ ಸ್ವಭಾವ ಅಳಿಸಿಹೋಗುತ್ತದೆ.

ನೀರಿಗೂ ಪ್ರಾಣಿಗೂ ರಾಜಿ ಮಾಡಿಸಲು ಒಂದು ಸರಳ ದಾರಿಯಿದೆ: ಅಲುಗಾಡದ ಪ್ರಾಣಿಯನ್ನು ಆರಿಸಿಕೊಳ್ಳುವುದು. ಮೀನಿಗಾಗಿ ಹೊಂಚು ಹಾಕಿದ ಬಕ ಹಲವು ಸೆಕೆಂಡುಗಳ ಕಾಲ ಕಲ್ಲಾಗಿರುತ್ತದೆ. ಮೊಸಳೆಯಂತೂ ಮೈ ಬಿಸಿಯನ್ನು ಹದದಲ್ಲಿಡಲು ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಬಿದ್ದಿರುತ್ತದೆ. ಅದಕ್ಕೆ 1/10 ಸೆಕೆಂಡ್ ಕೊಟ್ಟರೂ ಹಲ್ಲುಗಳು ಸ್ಪಷ್ಟ, ಸುತ್ತ ನೀರಿನ ಎಳೆ. ಆದರೆ ಇದನ್ನು ದೋಣಿಯಿಂದ ಮಾಡಲಾಗದು. ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ಅದು ದೋಣಿಯ ಓಲಾಟವನ್ನು ನಿಷ್ಠೆಯಿಂದ ಕ್ಯಾಮೆರಾಕ್ಕೆ ತಲುಪಿಸುತ್ತದೆ, ಅಷ್ಟೆ. ದೋಣಿಯಲ್ಲಿರುವಾಗ 1/1000ಕ್ಕಿಂತ ಕೆಳಗಿಳಿಯದಿರುವುದು ಕ್ಷೇಮ. ನಿಧಾನ ಶಟರಿಗೆ ದಡದ ಕಾಲುದಾರಿಯೇ ಸರಿ.

ನಮ್ಮ ಸೂರ್ಯ ಅವಸರದವನು

ಇಂಗ್ಲೆಂಡ್, ಅಮೆರಿಕದಲ್ಲಿ ಬರೆದ ಕೈಪಿಡಿಗಳೆಲ್ಲ ಬೆಳಗಿನ, ಸಂಜೆಯ ‘ಚಿನ್ನದ ಗಂಟೆ’ಯನ್ನು ಹೊಗಳುತ್ತವೆ. ಸೂರ್ಯ ದಿಗಂತದಿಂದ ಆರು ಡಿಗ್ರಿ ಏರುವವರೆಗಿನ ಹೊತ್ತನ್ನು ಆ ಬೆಳಕೆಂದು ಎಣಿಸುವುದು ರೂಢಿ. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿಗೆ. ಇಲ್ಲಿ ಸೂರ್ಯ ಓರೆಯಾಗಿ ತೆವಳುವುದಿಲ್ಲ, ಹೆಚ್ಚೂಕಡಿಮೆ ನೆಟ್ಟಗೆ ಏರುತ್ತಾನೆ. ಆರು ಡಿಗ್ರಿ ಮುಗಿಸಲು ಅವನಿಗೆ 25 ನಿಮಿಷ ಸಾಕು. ಲಂಡನ್ನಿನಲ್ಲಿ ಮಾರ್ಚ್ ತಿಂಗಳಲ್ಲಿ ಅದೇ ದೂರಕ್ಕೆ 40 ನಿಮಿಷದ ಹತ್ತಿರ, ಜೂನ್‌ನಲ್ಲಿ ಇನ್ನೂ ಹೆಚ್ಚು. ಹಾಗಾಗಿ ನಮ್ಮ ಚಿನ್ನದ ಗಂಟೆ ಗಂಟೆಯಲ್ಲ, ಅರ್ಧ ಗಂಟೆಯೂ ಅಲ್ಲ. ಸಫಾರಿ ವಾಹನ ಗೇಟು ದಾಟಿ ನೀರಿನ ಅಂಚಿಗೆ ಬರುವಷ್ಟರಲ್ಲಿ ಅದರ ಬಹುಪಾಲು ಕಳೆದಿರುತ್ತದೆ.

ಇನ್ನೊಂದು ಸಂಗತಿಯನ್ನೂ ಆ ಕೈಪಿಡಿಗಳು ಹೇಳುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ 35 ಡಿಗ್ರಿ ಜಾರಿರುತ್ತಾನೆ. ಕಬಿನಿ ಹಿನ್ನೀರಿನ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ. ಚಳಿಗಾಲದಲ್ಲಿ ನಾಗರಹೊಳೆಯ ದಡದಲ್ಲಿದ್ದು ನೀರಿನಾಚೆ ನೋಡಿದರೆ ಬೆಳಕು ಎದುರಿನಿಂದ ಬರುತ್ತದೆ. ಎದುರು ಬೆಳಕೆಂದರೆ ಹೊಸಬರು ಹೆದರುತ್ತಾರೆ. ಆದರೆ ಡಿಸೆಂಬರ್, ಜನವರಿಯ ಮುಂಜಾನೆ ತಣ್ಣನೆಯ ಗಾಳಿಯ ಕೆಳಗೆ ಇನ್ನೂ ಬೆಚ್ಚಗಿರುವ ನೀರಿನಿಂದ ಹಬೆ ಏಳುವುದು ಎದುರು ಬೆಳಕಿನಲ್ಲಿ ಮಾತ್ರ ಹೊಳೆಯುತ್ತದೆ. ಬೆನ್ನ ಹಿಂದಿನ ಬೆಳಕಿನಲ್ಲಿ ಅದೇ ಮಂಜು ಬೂದು ಮಸುಕು.

ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು ದೋಷವಿದೆ. ಕಾದ ನೆಲದಿಂದ ಏಳುವ ಬಿಸಿ ಗಾಳಿ ಬೆಳಕನ್ನು ಬಾಗಿಸಿ, ದೂರದ ಪ್ರಾಣಿಯ ಅಂಚುಗಳನ್ನೆಲ್ಲ ನಡುಗಿಸುತ್ತದೆ. ಏಪ್ರಿಲ್ ಬಯಲಿನಲ್ಲಿ 200 ಮೀಟರ್ ಆಚೆಯ ಆನೆ ಮಸುಕಾಗಿ ಬಂದರೆ ಲೆನ್ಸಿನ ದುಬಾರಿ ರಿಪೇರಿಗೆ ಓಡಬೇಡಿ. ಬೆಳಗ್ಗೆ ಏಳೂವರೆಗೆ ಮತ್ತೊಮ್ಮೆ ತೆಗೆದು ನೋಡಿ.

ಮರಕ್ಕೆ ಮೋಡ ಬೇಕು

ಬಿಸಿಲಿನ ದಿನ ಕಾಡಿನೊಳಗೆ ಎಲೆಗಳ ಸಂದಿಯಿಂದ ಬಿಸಿಲಿನ ತುಣುಕುಗಳು ಬೀಳುತ್ತವೆ. ಕಣ್ಣಿಗೆ ಬಹಳ ಚಂದ, ಕ್ಯಾಮೆರಾಕ್ಕೆ ನರಕ. ನೆರಳಿನ ನೆಲಕ್ಕೂ ಬಿಸಿಲಿನ ಚುಕ್ಕೆಗೂ ಆರು ಸ್ಟಾಪ್ ಅಂತರ ಎಂದು ಆಗಲೇ ಲೆಕ್ಕ ಹಾಕಿದೆವು. ಎಲೆಗಳ ನಡುವೆ ಇಣುಕುವ ಆಕಾಶ ಅದಕ್ಕೂ ಮೇಲೆ, ಬೇರಿನ ಪೊಟರೆಯ ಕತ್ತಲೆ ಅದಕ್ಕೂ ಕೆಳಗೆ. ಬೆಳಕನ್ನು ಚಿತ್ರವಾಗಿ ಹಿಡಿಯುವ ಇಂದಿನ ಒಳ್ಳೆಯ ಸೆನ್ಸರುಗಳು ಕಡಿಮೆ ಐಎಸ್‌ಒದಲ್ಲಿ ಈ ಹರವನ್ನು ಹೇಗೋ ಹಿಡಿದರೂ ಚಿತ್ರ ಚಿರತೆಯ ಚರ್ಮದಂತೆ ಚುಕ್ಕೆಚುಕ್ಕೆಯಾಗಿ, ಮರದ ಆಕಾರವೇ ಕಳೆದುಹೋಗುತ್ತದೆ. ಮೋಡ ಮುಚ್ಚಿದ ದಿನ, ಅದರಲ್ಲೂ ಮಳೆ ನಿಂತ ಹತ್ತು ನಿಮಿಷದೊಳಗೆ, ಅದೇ ಮರದ ತೊಗಟೆಯ ಬಿರುಕು, ಪಾಚಿ, ಆರ್ಕಿಡ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕಾಣುತ್ತವೆ. ಬಿಳಿ ಆಕಾಶದ ಕಿಂಡಿಗಳನ್ನು ಮಾತ್ರ ಚೌಕಟ್ಟಿನಿಂದ ಹೊರಗಿಡಬೇಕು. ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ.

ದೊಡ್ಡ ಮರವನ್ನು ಬುಡದಲ್ಲಿ ನಿಂತು ಮೇಲಕ್ಕೆ ಕ್ಯಾಮೆರಾ ಎತ್ತಿ ತೆಗೆದರೆ ಕಾಂಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಅಗಲ ಲೆನ್ಸನ್ನು ದೂರುವುದು ವಾಡಿಕೆ, ತಪ್ಪು ನಿಂತ ಜಾಗದ್ದು. ಬುಡ ಎರಡು ಮೀಟರ್ ದೂರ, ತುದಿ ಮೂವತ್ತು ಮೀಟರ್ ದೂರ ಇದ್ದರೆ ಯಾವ ಲೆನ್ಸಾದರೂ ತುದಿಯನ್ನು ಚಿಕ್ಕದಾಗಿಯೇ ತೋರಿಸುತ್ತದೆ. ಹಿಂದಕ್ಕೆ ಸರಿದು ಉದ್ದ ಲೆನ್ಸ್ ಬಳಸಿದರೆ, ಅಥವಾ ಸ್ವಲ್ಪ ಎತ್ತರದ ಜಾಗ ಹುಡುಕಿಕೊಂಡರೆ ಮರ ನೆಟ್ಟಗಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಭಾರ್ಗವಿ ಹೊಳೆಯ ಬದಿಯಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯಂಥ ಮರದ ಸುತ್ತ ಹಿಂದಕ್ಕೆ ಸರಿಯಲು ಎಲ್ಲ ಕಡೆ ಜಾಗವಿರುವುದಿಲ್ಲ. ಆಗ ಇಡೀ ಮರದ ಆಸೆ ಬಿಟ್ಟು ಬುಡ, ಬೇರು, ಹೊಳೆಯನ್ನಷ್ಟೇ ತೆಗೆಯುವುದು ವಿವೇಕ. ಬುಡದ ಗಾತ್ರವೇ ಮೇಲಿನದ್ದನ್ನು ಹೇಳುತ್ತದೆ. ಮೊಬೈಲ್ ಈ ಕೆಲಸದಲ್ಲಿ ದೊಡ್ಡ ಕ್ಯಾಮೆರಾಗಳಿಗೆ ಸರಿಸಮ. ಪ್ರಾಣಿ ಬಂದಾಗಷ್ಟೇ ಅದು ಸೋಲುವುದು.

ಎಲೆ ಉದುರಿಸುವ ಕಾಡಿನ ಮರಗಳಿಗೆ ಕ್ಯಾಲೆಂಡರ್ ನೋಡಿ ಹೋಗಬೇಕು. ಬೂರುಗ ಎಲೆಯೆಲ್ಲ ಕಳಚಿ ಕೆಂಪು ಹೂ ಹೊತ್ತು ನಿಲ್ಲುವ ಜನವರಿ, ಫೆಬ್ರುವರಿಯಲ್ಲಿ ಮೈನಾ, ಮುಸುವ, ಅಳಿಲು ಎಲ್ಲವೂ ಅದೇ ಕೊಂಬೆಗಳಲ್ಲಿರುತ್ತವೆ. ಮರ ಮತ್ತು ಪ್ರಾಣಿ ಒಟ್ಟಿಗೆ ಬೇಕೆನ್ನುವವರಿಗೆ ಇದಕ್ಕಿಂತ ಉದಾರ ಕಾಲವಿಲ್ಲ. ಹಿಂದೆಯೇ ಮುತ್ತುಗ, ಆಮೇಲೆ ಏಪ್ರಿಲ್‌ನಲ್ಲಿ ಕಕ್ಕೆಯ ಹಳದಿ ಗೊಂಚಲು.

ಪ್ರಾಣಿ ಎಷ್ಟು ಸಣ್ಣದಿರಬೇಕು

ಈಗ ಅಸಲಿ ಪ್ರಶ್ನೆ. ಮೂರು ಮೀಟರ್ ಎತ್ತರದ ಗಂಡಾನೆ 100 ಮೀಟರ್ ದೂರದಲ್ಲಿ ನೀರು ಕುಡಿಯುತ್ತಿದೆ ಎಂದುಕೊಳ್ಳಿ. ಪೂರ್ಣ ಗಾತ್ರದ ಸೆನ್ಸರಿನ ಎತ್ತರ 24 ಮಿಲಿಮೀಟರ್. ಲೆನ್ಸಿನ ಮಿಮೀ ಸಂಖ್ಯೆ ಹೆಚ್ಚಿದಷ್ಟೂ ಬಿಂಬ ದೊಡ್ಡದು. 50 ಮಿಮೀ ಲೆನ್ಸಿನಲ್ಲಿ ಆನೆಯ ಬಿಂಬ ಒಂದೂವರೆ ಮಿಮೀ, ಅಂದರೆ ಚೌಕಟ್ಟಿನ ಹದಿನಾರನೇ ಒಂದು ಪಾಲು. 200 ಮಿಮೀ ಲೆನ್ಸಿನಲ್ಲಿ ಆರು ಮಿಮೀ, ಕಾಲು ಭಾಗ. 600 ಮಿಮೀ ಲೆನ್ಸಿನಲ್ಲಿ 18 ಮಿಮೀ, ಮುಕ್ಕಾಲು ಭಾಗ. ಮೊದಲನೆಯದರಲ್ಲಿ ಆನೆಯನ್ನು ಹುಡುಕಬೇಕು, ಕೊನೆಯದರಲ್ಲಿ ಹೊಳೆಯನ್ನು ಹುಡುಕಬೇಕು. ನಡುವಿನ ಕಾಲು ಭಾಗದಲ್ಲಿ ಆನೆಯ ಮೇಲೆ ಮರಕ್ಕೂ ಕೆಳಗೆ ಪ್ರತಿಬಿಂಬಕ್ಕೂ ಸ್ಥಳ ಉಳಿಯುತ್ತದೆ. ಸಫಾರಿಗೆ ಬರುವವರ ಚೀಲದಲ್ಲಿ 70–200ರ ಲೆನ್ಸ್ ಹೆಚ್ಚಾಗಿ ತಳದಲ್ಲೇ ಉಳಿಯುತ್ತದೆ. ಈ ಬಗೆಯ ಚಿತ್ರಕ್ಕೆ ಅದೇ ಮುಖ್ಯ ಆಯುಧ.

ಸ್ಪಷ್ಟತೆಯ ಆಳದ ಲೆಕ್ಕವೂ ಇದನ್ನೇ ಹೇಳುತ್ತದೆ. 600 ಮಿಮೀ ಲೆನ್ಸನ್ನು ಎಫ್ 6.3ರಲ್ಲಿಟ್ಟು 100 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 95ರಿಂದ 105 ಮೀಟರಿನವರೆಗೆ ಇರುವುದಷ್ಟೇ ಸ್ಪಷ್ಟ. ಅದರಾಚೆಯ ಕಾಡೆಲ್ಲ ಮಸುಕು. 200 ಮಿಮೀ ಲೆನ್ಸ್ ಎಫ್ 8ರಲ್ಲಿದ್ದರೆ 62 ಮೀಟರಿನಿಂದ ಹೆಚ್ಚೂಕಡಿಮೆ 250 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಎದುರಿನ ಹುಲ್ಲು, ಆನೆ, ಹಿಂದಿನ ಮತ್ತಿ, ತೇಗದ ಸಾಲು ಒಂದೇ ಚಿತ್ರದಲ್ಲಿ ಮಾತಾಡಿಕೊಳ್ಳುತ್ತವೆ. ಕಾಡು ಮಸುಕಾಗಿ ಕಾಣುವುದು ದುಬಾರಿ ಲೆನ್ಸಿನ ಹಿರಿಮೆಯೆಂದು ಕೊಳ್ಳುವವರು ನಂಬಿದ್ದಾರೆ. ಇರಲಿ, ಮಾರುವವರೂ ಬದುಕಬೇಕು.

ಪ್ರಾಣಿ ಸಣ್ಣದಾದಂತೆ ಅದನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಹೊಣೆ ಹೆಚ್ಚುತ್ತದೆ. ಬೂದು ಆನೆ ಬೂದು ಪೊದೆಯ ಮುಂದೆ ನಿಂತರೆ ಚಿತ್ರದಲ್ಲಿ ಇಲ್ಲವೇ ಇಲ್ಲ. ಕಾಟಿ ನೆರಳಿಗೆ ಸರಿದರೆ ನಾಲ್ಕು ಬಿಳಿ ಕಾಲುಚೀಲ ಮಾತ್ರ ಉಳಿಯುತ್ತವೆ. ಇಲ್ಲಿ ನೆರವಿಗೆ ಬರುವುದು ನೀರು. ಆನೆ ಹೊಳೆಯುವ ನೀರಿನ ಪಟ್ಟಿಯ ಮುಂದೆ ಹಾದುಹೋಗುವ ಕ್ಷಣಕ್ಕೆ ಕಾಯ್ದರೆ ಅದರ ಪೂರ್ತಿ ಆಕಾರ, ಸೊಂಡಿಲು, ಮರಿಯ ಕಾಲುಗಳು ಸಹ ಕತ್ತರಿಸಿಟ್ಟಂತೆ ಮೂಡುತ್ತವೆ. ಬಿಳಿ ಹಕ್ಕಿಗೆ ಇದಕ್ಕೆ ತದ್ವಿರುದ್ಧ: ಕಪ್ಪು ಹಸಿರಿನ ಮರ ಹಿಂದಿರಬೇಕು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ಕಪ್ಪು-ಬಿಳುಪಿನಲ್ಲಿ ಕಾಡನ್ನು ತೆಗೆದ ದೊಡ್ಡ ಛಾಯಾಗ್ರಾಹಕರು. ಬಣ್ಣದ ಆಸರೆ ಇಲ್ಲದ ಆ ಮಾಧ್ಯಮದಲ್ಲಿ ಪ್ರಾಣಿಯನ್ನು ಕಾಡಿನಿಂದ ಬಿಡಿಸಿ ತೋರಿಸಲು ಬೆಳಕು ಮತ್ತು ನೆರಳಿನ ಅಂತರವೊಂದೇ ದಾರಿ. ಈಗಲೂ ಕ್ಯಾಮೆರಾದ ಪರದೆಯನ್ನು ಕಪ್ಪು-ಬಿಳುಪಿಗೆ ಹಾಕಿಕೊಂಡು ನೋಡಿದರೆ ಪ್ರಾಣಿ ಎದ್ದು ಕಾಣುತ್ತದೆಯೋ ಮುಳುಗುತ್ತದೆಯೋ ತಕ್ಷಣ ತಿಳಿಯುತ್ತದೆ. ಅವರ ಕಾಲದಲ್ಲಿ, ಅಥವಾ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ಫಿಲ್ಮ್ ದಿನಗಳಲ್ಲಿ, ಐಎಸ್‌ಒವನ್ನು ಬೇಕೆಂದಾಗ ತಿರುಗಿಸುವ ಗುಂಡಿ ಇರಲಿಲ್ಲ. ಹೆಸರಾಂತ ಬಣ್ಣದ ಫಿಲ್ಮ್ ಕೊಡಾಕ್ರೋಮಿನ ವೇಗ, ಅಂದರೆ ಐಎಸ್‌ಒ, 64. ಬೆಳಕು ಬರುವವರೆಗೆ ಕಾಯುವುದೇ ತಂತ್ರ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಮಾಡುವ ತಪ್ಪೂ ಇಲ್ಲಿಯದೇ. ಎದುರಿಗಿರುವುದು ಏನೇ ಆಗಲಿ, ಅದು ಶೇ. 18 ಬೆಳಕನ್ನು ಪ್ರತಿಫಲಿಸುವ ನಡುಬೂದು ಎಂದೇ ಮೀಟರ್ ಭಾವಿಸುತ್ತದೆ. ಹೊಳೆಯುವ ನೀರು ಚೌಕಟ್ಟಿನ ತುಂಬ ಇದ್ದರೆ ಅದನ್ನು ಬೂದು ಮಾಡಲು ಹೋಗಿ ಆನೆಯನ್ನು ಇದ್ದಿಲು ಮಾಡುತ್ತದೆ. ಒಂದು, ಒಂದೂವರೆ ಸ್ಟಾಪ್ ಹೆಚ್ಚಿಸಬೇಕು. ಕಪ್ಪು ಮರದ ಮುಂದಿನ ಬೆಳ್ಳಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ, ಅಷ್ಟೇ ಇಳಿಸಬೇಕು. ಆಕಾರವೊಂದೇ ಸಾಕೆನಿಸಿದರೆ ಮೀಟರಿನ ತಪ್ಪನ್ನು ಹಾಗೆಯೇ ಬಿಟ್ಟು ಆನೆಯನ್ನು ಕಪ್ಪಾಗಿಸಿಕೊಳ್ಳಬಹುದು. ಬಿಳಿ ಒಮ್ಮೆ ಸುಟ್ಟುಹೋದರೆ ಗರಿಗಳ ವಿವರ ಮತ್ತೆ ಬರುವುದಿಲ್ಲ, ಕಪ್ಪಿನೊಳಗಿನದ್ದನ್ನು ಸ್ವಲ್ಪ ಮೇಲೆತ್ತಬಹುದು. ಅನುಮಾನ ಬಂದಾಗ ಹಕ್ಕಿಯ ಪರವಾಗಿ ತೀರ್ಮಾನಿಸಿ.

ಕಬಿನಿಯ ಋತುಚಕ್ರವನ್ನು ತಿಳಿದರೆ ಇದೆಲ್ಲ ಎಲ್ಲಿ ಒಟ್ಟುಗೂಡುತ್ತದೆಂದು ಗೊತ್ತಾಗುತ್ತದೆ. 1974ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಒಣ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ನೀರುಕಾಗೆ, ಹಾವಕ್ಕಿ, ಚಳಿಗಾಲಕ್ಕೆ ಬರುವ ಮೀನುಡೇಗೆಗಳಿಗೆ ಅವೇ ಆಸನ. ಮಳೆಗಾಲದ ಕೊನೆಗೆ ತುಂಬಿದ ಹಿನ್ನೀರು ಫೆಬ್ರುವರಿಯಿಂದ ಇಳಿಯತೊಡಗುತ್ತದೆ. ಬಯಲಾದ ಹೂಳಿನ ಮೇಲೆ ಎಳೆ ಹುಲ್ಲು ಬರುತ್ತದೆ. ಸುತ್ತಲ ಕಾಡೆಲ್ಲ ಒಣಗಿರುವ ಮಾರ್ಚ್‌ನಿಂದ ಮೇವರೆಗೆ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಅತಿ ಹೆಚ್ಚು ಸೇರುವ ತಾಣಗಳಲ್ಲಿ ಇದೂ ಒಂದು. ನನ್ನನ್ನು ಕೇಳಿದರೆ ಅಶ್ವಿನಿ, ಭರಣಿ ಮಳೆಗಳ ಕಾಲವೇ ಶ್ರೇಷ್ಠ: ಒಂದು ಕಡೆ ಕರಿಮೋಡ ಕಟ್ಟಿರುತ್ತದೆ, ಪಶ್ಚಿಮದಿಂದ ಇಳಿಬಿಸಿಲು ಬೀಳುತ್ತದೆ. ಮೋಡದ ಮುಂದೆ ಹುಲ್ಲು ಉರಿಯುವಂತೆ ಹೊಳೆಯುತ್ತದೆ, ಧೂಳು ಎರಚಿಕೊಂಡ ಆನೆ ಕೆಂಪಾಗಿ ಕಾಣುತ್ತದೆ. ಐದು ನಿಮಿಷ ಇರುತ್ತದೆಯೋ ಇಲ್ಲವೋ.

ಅನುಮತಿ, ಅಂತರ, ಅಭ್ಯಾಸ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ, ಅಭಯಾರಣ್ಯ ಪ್ರವೇಶಕ್ಕೆ ಅನುಮತಿ ಕೊಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನೂ ಹೆಸರಿಸುತ್ತದೆ. ಅಂದರೆ ಅದು ಹಕ್ಕಲ್ಲ, ಅನುಮತಿ. ಸಫಾರಿ ವಾಹನದಿಂದ ಇಳಿಯುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಕಾನೂನು ಸುಮ್ಮನಿರುವ ಕಡೆ ವಿವೇಕ ಬೇಕು. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ನದಿ ರೀವಗಳು ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ತಾಯಿಹಕ್ಕಿ ಕೂರುವುದು ಬಿಸಿ ಕೊಡಲಷ್ಟೇ ಅಲ್ಲ, ನೆರಳು ಕೊಡಲು ಕೂಡ. ದೋಣಿ ಹತ್ತಿರ ಹೋಗಿ ಹಕ್ಕಿಗಳೆಲ್ಲ ಮೇಲೆದ್ದರೆ ಚಿತ್ರ ಭರ್ಜರಿಯಾಗಿರುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಸೆ ಮರಗಳು ಊರಿನ ಮನೆಗಳ ನಡುವೆಯೇ ಇವೆ. ಅಲ್ಲಿ ಹಿತ್ತಿಲಿಗೆ ಕಾಲಿಡುವ ಮೊದಲು ಮನೆಯವರನ್ನು ಕೇಳುವುದು ಹಕ್ಕಿಗಳ ಬಗೆಗಿನ ಮರ್ಯಾದೆಯ ಭಾಗವೇ.

ಅಭ್ಯಾಸಕ್ಕೆ ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಏರಿಯ ಮೇಲೆ ಅರಳಿಯೋ ಆಲವೋ ಇರುವ, ಅಂಚಿನಲ್ಲಿ ಬೆಳ್ಳಕ್ಕಿ ನಿಲ್ಲುವ ಕೆರೆ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ, ಟಿಕೆಟ್ ಇಲ್ಲ. ಏರಿಯ ಮೇಲೆ ನಿಂತು ಒಂದು ಚಿತ್ರ, ನೀರಿನಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಇನ್ನೊಂದು ಚಿತ್ರ ತೆಗೆದು ಹೋಲಿಸಿದರೆ ಕೋನದ ಪಾಠ ಮುಗಿಯಿತು. ಅದೇ ಬೆಳ್ಳಕ್ಕಿಯನ್ನು 50ರಲ್ಲಿ, 200ರಲ್ಲಿ ತೆಗೆದರೆ ಗಾತ್ರದ ಪಾಠ. ಚಳಿಗಾಲದಲ್ಲಾದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆಗಳಿಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಾಗಡಿ ಕೆರೆಗೆ 2024ರಲ್ಲಿ ಜೌಗುಭೂಮಿಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಸಿಕ್ಕಿದೆ. ರಾತ್ರಿ ಹೊಲಗಳಲ್ಲಿ ಮೇಯ್ದ ಹಿಂಡುಗಳು ಬೆಳಗ್ಗೆ ನೀರಿಗೆ ಮರಳುತ್ತವೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಪೂರ್ವ ದಡದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ಕುಳಿತಿರಿ. ಎಫ್ 8, ಶಟರ್ 1/1600 ಇಟ್ಟು ಐಎಸ್‌ಒವನ್ನು ಕ್ಯಾಮೆರಾಕ್ಕೇ ಬಿಡಿ; ಬಾತುಗಳು ಇಳಿದು ನೆಲೆಗೊಂಡ ಮೇಲೆ 1/250ಕ್ಕೆ ಬಂದರೂ ಸಾಕು.